ಕೊಳವೆ ಬಾವಿ ಕಂಪ್ರೆಸರ್‌ನಲ್ಲಿ ಒತ್ತಡ ಕಡಿಮೆಯಾದಾಗ: ದೋಷ ಯಂತ್ರದಲ್ಲೋ, ಬಾವಿಯಲ್ಲೋ?

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಗಟ್ಟಿ ಶಿಲೆಯ ಪ್ರದೇಶದಲ್ಲಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಸಂಗ್ರಹವಾದ ನೀರೇ ಟೊಮೆಟೊ, ಹಿಪ್ಪುನೇರಳೆ, ತರಕಾರಿ ಹಾಗೂ ಮಾವಿನ ಬೆಳೆಗಳಿಗೆ ಮುಖ್ಯ ಆಧಾರ. ಅಂತರ್ಜಲದ ಅತಿ ಬಳಕೆಯಾಗಿರುವ ತಾಲ್ಲೂಕುಗಳ ಸಾಲಿಗೆ ಈ ನಾಲ್ಕೂ ಸೇರಿವೆ. ಇಳುವರಿ ಕಡಿಮೆ ಇರುವ ಕೊಳವೆ ಬಾವಿಗಳಿಂದ ನೀರೆತ್ತಲು ಗಾಳಿ ಕಂಪ್ರೆಸರ್‌ಗಳನ್ನು ಬಳಸುವ ರೂಢಿ ಇಂತಹ ಪ್ರದೇಶಗಳಲ್ಲಿ ಬೆಳೆದುಬಂದಿದೆ. ಇದೇ ಬಗೆಯ ಯಂತ್ರಗಳು ಟ್ರ್ಯಾಕ್ಟರ್ ದುರಸ್ತಿ ಶೆಡ್‌ಗಳಲ್ಲಿಯೂ ಬಾಡಿಗೆ ಯಂತ್ರೋಪಕರಣ ಕೇಂದ್ರಗಳಲ್ಲಿಯೂ ಬಳಕೆಯಲ್ಲಿವೆ.

ಒತ್ತಡ ಮಾಪಕದ ಮುಳ್ಳು ಕೆಳಗಿಳಿದಾಗ ಯಂತ್ರ ಕೆಟ್ಟಿದೆ ಎಂದು ತಿಳಿದು ರಿಂಗ್, ವಾಲ್ವ್ ಬದಲಿಸಲು ಹಣ ವ್ಯಯಿಸುವುದು ಸಾಮಾನ್ಯ. ಆದರೆ ಕೊಳವೆ ಬಾವಿಗೆ ಜೋಡಿಸಿದ ಕಂಪ್ರೆಸರ್‌ನಲ್ಲಿ ಒತ್ತಡ ಇಳಿಯಲು ಯಂತ್ರವೇ ಕಾರಣವಾಗಿರಬೇಕೆಂದಿಲ್ಲ. ಬಾವಿಯೊಳಗಿನ ನೀರಿನ ಮಟ್ಟ ಕುಸಿದರೂ ಮಾಪಕದ ಮುಳ್ಳು ಇಳಿಯುತ್ತದೆ. ಆದ್ದರಿಂದ ಯಂತ್ರವನ್ನು ಬಿಚ್ಚುವ ಮೊದಲು ದೋಷ ಯಂತ್ರದಲ್ಲಿದೆಯೇ, ಪೈಪಿನಲ್ಲಿದೆಯೇ ಅಥವಾ ಬಾವಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಕ್ರಮಗಳನ್ನು ಇಲ್ಲಿ ಅನುಕ್ರಮವಾಗಿ ತಿಳಿಸಲಾಗಿದೆ.

ಒತ್ತಡ ಮಾಪಕ ಏನನ್ನು ತಿಳಿಸುತ್ತದೆ?

ಕಂಪ್ರೆಸರ್ ನೀರನ್ನು ನೇರವಾಗಿ ಎಳೆಯುವುದಿಲ್ಲ. ಗಾಳಿ ಪೈಪಿನ ಮೂಲಕ ಕೆಳಗಿಳಿದ ಗಾಳಿಯು ನೀರಿನ ಪೈಪಿನ ತಳಭಾಗದಲ್ಲಿ ನೀರಿನೊಡನೆ ಬೆರೆಯುತ್ತದೆ. ಗುಳ್ಳೆಗಳಿಂದ ಹಗುರವಾದ ಈ ಮಿಶ್ರಣವನ್ನು ಸುತ್ತಲಿನ ನೀರಿನ ಭಾರವು ಮೇಲಕ್ಕೆ ತಳ್ಳುತ್ತದೆ. ಗಾಳಿಯು ಪೈಪಿನ ತುದಿಯಿಂದ ಹೊರಬರಬೇಕಾದರೆ ಆ ತುದಿಯ ಮೇಲೆ ನಿಂತಿರುವ ನೀರಿನ ಒತ್ತಡವನ್ನು ಮೀರಬೇಕು. ಹೀಗಾಗಿ ಮಾಪಕದಲ್ಲಿ ಕಾಣುವ ಒತ್ತಡವು ಹೆಚ್ಚುಕಡಿಮೆ ತುದಿಯ ಮೇಲಿರುವ ನೀರಿನ ಎತ್ತರಕ್ಕೆ ಸಮನಾಗಿರುತ್ತದೆ.

ಪ್ರತಿ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡವು 10 ಮೀಟರ್, ಅಂದರೆ ಸುಮಾರು 33 ಅಡಿ ನೀರಿಗೆ ಸಮ. ಮಾಪಕದಲ್ಲಿ ಪೌಂಡ್ ಗುರುತುಗಳಿದ್ದರೆ ಸುಮಾರು 14.2 ಪೌಂಡ್ ಎಂದರೆ 1 ಕೆ.ಜಿ. ಎಂದು ಲೆಕ್ಕ ಹಾಕಿರಿ. ಮುಂದಿನ ಭಾಗಗಳಲ್ಲಿ ಒತ್ತಡವನ್ನು ಕೇವಲ ಕೆ.ಜಿ. ಎಂದು ಸೂಚಿಸಲಾಗಿದೆ.

ಉದಾಹರಣೆಗೆ, ಗಾಳಿ ಪೈಪಿನ ತುದಿ 300 ಅಡಿ ಆಳದಲ್ಲಿದೆ ಎಂದುಕೊಳ್ಳೋಣ. ರಾತ್ರಿಯಿಡೀ ವಿಶ್ರಾಂತಿ ಪಡೆದ ಬಾವಿಯಲ್ಲಿ ಬೆಳಿಗ್ಗೆ ಯಂತ್ರ ಚಾಲನೆ ಮಾಡಿದಾಗ ಮುಳ್ಳು 6 ಕೆ.ಜಿ.ಯವರೆಗೆ ಏರಿ, ನೀರು ಬರಲು ಆರಂಭವಾದ ಬಳಿಕ 4.5 ಕೆ.ಜಿ.ಯಲ್ಲಿ ನಿಂತಿತು. 6 ಕೆ.ಜಿ. ಎಂದರೆ ಸುಮಾರು 198 ಅಡಿ ನೀರು. ಅಂದರೆ ಬೆಳಗಿನ ನೀರಿನ ಮಟ್ಟ ನೆಲದಿಂದ ಸುಮಾರು 102 ಅಡಿ ಕೆಳಗಿದೆ. 4.5 ಕೆ.ಜಿ. ಎಂದರೆ ಸುಮಾರು 148 ಅಡಿ ನೀರು. ನೀರೆತ್ತುವಾಗ ಮಟ್ಟವು ಸುಮಾರು 152 ಅಡಿಗೆ ಇಳಿದಿದೆ. ಪೈಪಿನೊಳಗಿನ ಘರ್ಷಣೆಯಿಂದ ಸ್ವಲ್ಪ ವ್ಯತ್ಯಾಸ ಬಂದರೂ ತಿಂಗಳಿಂದ ತಿಂಗಳಿಗೆ ಹೋಲಿಸಲು ಈ ಲೆಕ್ಕ ಸಾಕು. ಮೊದಲನೆಯದನ್ನು ಆರಂಭಿಕ ಒತ್ತಡವೆಂದೂ ಎರಡನೆಯದನ್ನು ಚಾಲನಾ ಒತ್ತಡವೆಂದೂ ಕರೆಯೋಣ.

ಪರೀಕ್ಷೆಗೆ ಮುನ್ನ ವಹಿಸಬೇಕಾದ ಎಚ್ಚರಿಕೆ

1. ತ್ರೀಫೇಸ್ ವಿದ್ಯುತ್ ಪಾಳಿಯಲ್ಲಿ ಬರುವುದರಿಂದ ಅನೇಕ ರೈತರು ಆಟೋ ಸ್ಟಾರ್ಟರ್ ಅಳವಡಿಸಿರುತ್ತಾರೆ. ಕೈ ಯಂತ್ರದ ಮೇಲಿರುವಾಗಲೇ ವಿದ್ಯುತ್ ಬಂದರೆ ಬೆಲ್ಟಿಗೆ ಬೆರಳು ಸಿಲುಕುವ ಅಪಾಯವಿದೆ. ಬೆಲ್ಟ್, ವಾಲ್ವ್ ಅಥವಾ ಫಿಲ್ಟರನ್ನು ಮುಟ್ಟುವ ಮೊದಲು ಆಟೋ ಸ್ಟಾರ್ಟರನ್ನು ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ತೆಗೆದು ನಿಮ್ಮ ಬಳಿಯೇ ಇರಿಸಿಕೊಳ್ಳಿರಿ.

2. ಯಾವುದೇ ನಟ್ ಸಡಿಲಿಸುವ ಮೊದಲು ಟ್ಯಾಂಕಿನ ಗಾಳಿಯನ್ನು ಪೂರ್ಣವಾಗಿ ಹೊರಬಿಡಿರಿ. ಹೆಡ್ ಮತ್ತು ಗಾಳಿ ಕೊಳವೆಗಳು ತಣ್ಣಗಾಗುವವರೆಗೆ ಕಾಯಿರಿ.

3. ಒತ್ತಡ ಏರುತ್ತಿಲ್ಲವೆಂದು ಸೇಫ್ಟಿ ವಾಲ್ವನ್ನು ಬಿಗಿಗೊಳಿಸುವುದು, ಅದರ ಬಾಯಿ ಮುಚ್ಚುವುದು ಅಥವಾ ಪ್ರೆಷರ್ ಸ್ವಿಚ್‌ನ ಮಿತಿಯನ್ನು ಹೆಚ್ಚಿಸುವುದು ಪ್ರಾಣಾಪಾಯಕಾರಿ. ತುಕ್ಕು ಹಿಡಿದ ಟ್ಯಾಂಕ್ ಒಡೆದರೆ ಉಕ್ಕಿನ ಚೂರುಗಳು ಸಿಡಿಯುತ್ತವೆ. ಸೋರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿ ಮರಳಿ ಬಳಸಬಾರದು, ಅದನ್ನು ಬದಲಿಸಬೇಕು.

ಮೂರು ಪರೀಕ್ಷೆಗಳು

ಮೊದಲ ಪರೀಕ್ಷೆ: ಮಾಪಕ ಸರಿಯಿದೆಯೇ?

ಟ್ಯಾಂಕ್ ಸಂಪೂರ್ಣ ಖಾಲಿಯಾದಾಗ ಮುಳ್ಳು ಸೊನ್ನೆಗೆ ಮರಳಬೇಕು. ಮರಳದಿದ್ದರೆ ಅಥವಾ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮುಳ್ಳು ಜಿಗಿದರೆ ಮಾಪಕವೇ ಕೆಟ್ಟಿದೆ. ಸರಿಯಿರುವ ಇನ್ನೊಂದು ಮಾಪಕವನ್ನು ಜೋಡಿಸಿ ಹೋಲಿಸಿರಿ. ಅತಿ ಕಡಿಮೆ ವೆಚ್ಚದ ಬಿಡಿಭಾಗ ಇದಾದ್ದರಿಂದ ಪರೀಕ್ಷೆಯನ್ನು ಇಲ್ಲಿಂದಲೇ ಆರಂಭಿಸುವುದು ಲಾಭಕರ.

ಎರಡನೆಯ ಪರೀಕ್ಷೆ: ಟ್ಯಾಂಕ್ ತುಂಬುತ್ತದೆಯೇ?

ಬಾವಿಗೆ ಹೋಗುವ ವಾಲ್ವನ್ನು ಮುಚ್ಚಿ ಯಂತ್ರವನ್ನು ಚಾಲನೆ ಮಾಡಿರಿ. ಸೊನ್ನೆಯಿಂದ ನಿಗದಿತ ಒತ್ತಡಕ್ಕೆ ಏರಲು ತಗಲುವ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿರಿ. ಸೇಫ್ಟಿ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿರುವುದು ಖಚಿತವಾಗಿದ್ದರೆ ಮಾತ್ರ ಈ ಪರೀಕ್ಷೆ ಮಾಡಬೇಕು. ಟ್ಯಾಂಕ್ ಇಲ್ಲದೆ ನೇರವಾಗಿ ಬಾವಿಗೆ ಜೋಡಿಸಿದ ಯಂತ್ರದಲ್ಲಿ ವಾಲ್ವ್ ಮುಚ್ಚಿದರೆ ಕ್ಷಣಾರ್ಧದಲ್ಲಿ ಒತ್ತಡ ಮಿತಿಮೀರುವುದರಿಂದ ಅಂತಹ ಯಂತ್ರಕ್ಕೆ ಈ ಪರೀಕ್ಷೆ ಸಲ್ಲದು.

ಯಂತ್ರ ಕೊಡುವ ಗಾಳಿಯ ಪ್ರಮಾಣವನ್ನೂ ಇದರಿಂದ ಅಂದಾಜು ಮಾಡಬಹುದು. ಟ್ಯಾಂಕಿನ ಗಾತ್ರವನ್ನು ಏರಿದ ಒತ್ತಡದಿಂದ ಗುಣಿಸಿ, ತಗಲಿದ ನಿಮಿಷಗಳಿಂದ ಭಾಗಿಸಿರಿ. 220 ಲೀಟರ್ ಟ್ಯಾಂಕ್ 5 ನಿಮಿಷಗಳಲ್ಲಿ 7 ಕೆ.ಜಿ.ಗೆ ತುಂಬಿದರೆ ನಿಮಿಷಕ್ಕೆ ಸುಮಾರು 308 ಲೀಟರ್ ಗಾಳಿ ದೊರೆಯುತ್ತಿದೆ. ಯಂತ್ರ ಹೊಸದಾಗಿದ್ದಾಗ ಬರೆದಿಟ್ಟ ಸಮಯದೊಡನೆ ಇದನ್ನು ಹೋಲಿಸಿರಿ. ಸಮಯ ಹಿಂದಿನಷ್ಟೇ ಇದ್ದರೆ ಯಂತ್ರ ಆರೋಗ್ಯವಾಗಿದೆ. ಸಮಯ ಗಮನಾರ್ಹವಾಗಿ ಹೆಚ್ಚಿದ್ದರೆ ಅಥವಾ ಒತ್ತಡ ಅರ್ಧದಲ್ಲೇ ನಿಂತರೆ ದೋಷ ಯಂತ್ರದಲ್ಲಿ ಅಥವಾ ಟ್ಯಾಂಕಿನ ಸುತ್ತಲಿನ ಜೋಡಣೆಗಳಲ್ಲಿದೆ.

ಮೂರನೆಯ ಪರೀಕ್ಷೆ: ತುಂಬಿದ ಗಾಳಿ ನಿಲ್ಲುತ್ತದೆಯೇ?

ಟ್ಯಾಂಕ್ ತುಂಬಿದ ಮೇಲೆ ಯಂತ್ರವನ್ನು ನಿಲ್ಲಿಸಿರಿ. ಬಿಸಿ ಗಾಳಿ ತಣ್ಣಗಾಗುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಆದ್ದರಿಂದ 10 ನಿಮಿಷ ಬಿಟ್ಟು ಒಂದು ಬಾರಿ, ಮತ್ತೆ 15 ನಿಮಿಷದ ನಂತರ ಇನ್ನೊಂದು ಬಾರಿ ಮಾಪಕವನ್ನು ಓದಿರಿ. ಈ ಎರಡರ ನಡುವೆಯೂ ಮುಳ್ಳು ಇಳಿಯುತ್ತಲೇ ಇದ್ದರೆ ಸೋರಿಕೆಯಿದೆ. ಸೋಪಿನ ನೀರನ್ನು ಕುಂಚದಿಂದ ಎಲ್ಲಾ ಜೋಡಣೆ, ಡ್ರೈನ್ ನಲ್ಲಿ, ಸೇಫ್ಟಿ ವಾಲ್ವ್ ಮತ್ತು ಹೋಸ್‌ಗಳಿಗೆ ಹಚ್ಚಿದರೆ ಗುಳ್ಳೆಗಳೇ ಸ್ಥಳವನ್ನು ತೋರಿಸುತ್ತವೆ.

ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳಲ್ಲಿ ಯಂತ್ರ ಉತ್ತೀರ್ಣವಾದರೆ ಅದನ್ನು ಬಿಚ್ಚಬೇಡಿರಿ. ದೋಷವನ್ನು ಪೈಪಿನಲ್ಲಿ ಅಥವಾ ಬಾವಿಯಲ್ಲಿ ಹುಡುಕಬೇಕು.

ಯಂತ್ರದಲ್ಲಿ ಕಂಡುಬರುವ ದೋಷಗಳು

ಕಡಿಮೆ ಖರ್ಚಿನ ಕಾರಣಗಳಿಂದ ಹೆಚ್ಚು ಖರ್ಚಿನ ಕಾರಣಗಳ ಕಡೆಗೆ ಸಾಗುವಂತೆ ಇವುಗಳನ್ನು ಪಟ್ಟಿ ಮಾಡಲಾಗಿದೆ. ಇದೇ ಕ್ರಮದಲ್ಲಿ ಪರಿಶೀಲಿಸಿರಿ.

ಏರ್ ಫಿಲ್ಟರ್: ಬೇಸಿಗೆಯಲ್ಲಿ ಉಳುಮೆಯ ಕೆಂಪು ಧೂಳು ಫಿಲ್ಟರನ್ನು ಬೇಗನೆ ಮುಚ್ಚುತ್ತದೆ. ಯಂತ್ರಕ್ಕೆ ಬೇಕಾದಷ್ಟು ಗಾಳಿ ದೊರೆಯದೆ ಟ್ಯಾಂಕ್ ನಿಧಾನವಾಗಿ ತುಂಬುತ್ತದೆ. ಕಾಗದದ ಫಿಲ್ಟರನ್ನು ತಟ್ಟಿ ಧೂಳು ತೆಗೆಯಿರಿ. ಎಣ್ಣೆ ಅಂಟಿ ಕಪ್ಪಾಗಿದ್ದರೆ ಬದಲಿಸಿರಿ. ಫಿಲ್ಟರ್ ಇಲ್ಲದೆ ಯಂತ್ರವನ್ನು ಓಡಿಸಬಾರದು. ಧೂಳು ಒಳಸೇರಿದರೆ ಸಿಲಿಂಡರ್ ಮತ್ತು ರಿಂಗುಗಳು ಬೇಗ ಸವೆಯುತ್ತವೆ.

ಬೆಲ್ಟ್: ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿ.ಮೀ. ಬಾಗಬೇಕು. ಹೆಚ್ಚು ಬಾಗಿದರೆ ಬೆಲ್ಟ್ ಜಾರುತ್ತದೆ. ರಬ್ಬರ್ ಸುಟ್ಟ ವಾಸನೆ, ಗಾರ್ಡ್ ಒಳಗೆ ಕಪ್ಪು ಪುಡಿ ಮತ್ತು ಕಿರುಗುಟ್ಟುವ ಶಬ್ದ ಇದರ ಲಕ್ಷಣಗಳು. ಒಂದಕ್ಕಿಂತ ಹೆಚ್ಚು ಬೆಲ್ಟುಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿರಿ.

ಮೋಟಾರಿನ ವೇಗ ಮತ್ತು ತಿರುಗುವ ದಿಕ್ಕು: ವೋಲ್ಟೇಜ್ ತೀರಾ ಕಡಿಮೆಯಿದ್ದರೆ ಮೋಟಾರು ಭಾರ ಎಳೆಯಲಾರದೆ ಬಿಸಿಯಾಗುತ್ತದೆ. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಕೂಡಲೇ ನಿಲ್ಲಿಸಬೇಕು. ಮೋಟಾರ್ ರಿವೈಂಡಿಂಗ್ ಮಾಡಿಸಿದ ಬಳಿಕ ಚಕ್ರ ಬಾಣದ ಗುರುತಿನ ದಿಕ್ಕಿನಲ್ಲಿಯೇ ತಿರುಗುತ್ತಿದೆಯೇ ನೋಡಿರಿ. ದಿಕ್ಕು ಬದಲಾದರೆ ಚಕ್ರದ ಫ್ಯಾನ್ ಹೆಡ್‌ನ ಕಡೆಗೆ ಗಾಳಿ ಬೀಸುವುದಿಲ್ಲ. ಯಂತ್ರ ಕಾದು ವಾಲ್ವ್‌ಗಳು ಕೆಡುತ್ತವೆ.

ಟ್ಯಾಂಕಿನಲ್ಲಿ ನೀರು: ಗಾಳಿಯ ತೇವಾಂಶ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ನೀರು ಸ್ಥಳ ಆಕ್ರಮಿಸಿದಷ್ಟೂ ಟ್ಯಾಂಕ್ ಬೇಗ ತುಂಬಿ, ಬಳಸಿದ ಕೂಡಲೇ ಒತ್ತಡ ಕುಸಿಯುತ್ತದೆ. ಪ್ರತಿದಿನ ಕೆಲಸ ಮುಗಿದ ಮೇಲೆ ಡ್ರೈನ್ ನಲ್ಲಿ ತೆರೆದು ನೀರನ್ನು ಹೊರಬಿಡಿರಿ. ಟ್ಯಾಂಕ್ ತುಕ್ಕು ಹಿಡಿಯುವುದೂ ಇದರಿಂದ ತಗ್ಗುತ್ತದೆ.

ನಾನ್ ರಿಟರ್ನ್ ವಾಲ್ವ್: ಯಂತ್ರ ನಿಂತ ಮೇಲೂ ಪ್ರೆಷರ್ ಸ್ವಿಚ್‌ನ ಸಣ್ಣ ರಂಧ್ರದಿಂದ ಬುಸ್ ಎಂಬ ಸದ್ದು ನಿಲ್ಲದೆ ಬರುತ್ತಿದ್ದರೆ ಟ್ಯಾಂಕಿನ ಗಾಳಿ ಹಿಂದಕ್ಕೆ ಹರಿಯುತ್ತಿದೆ ಎಂದರ್ಥ. ವಾಲ್ವನ್ನು ಬಿಚ್ಚಿ ಮಸಿ ತೆಗೆದು ಸ್ವಚ್ಛಗೊಳಿಸಿರಿ, ಸವೆದಿದ್ದರೆ ಬದಲಿಸಿರಿ.

ಹೆಡ್ ವಾಲ್ವ್‌ಗಳು ಮತ್ತು ಗ್ಯಾಸ್ಕೆಟ್: ಯಂತ್ರ ಓಡುವಾಗ ಫಿಲ್ಟರಿನ ಬಾಯಿಯಿಂದ ಗಾಳಿ ಒಳಕ್ಕೆ ಹೋಗುವ ಬದಲು ಹೊರಕ್ಕೂ ಚಿಮ್ಮುತ್ತಿದ್ದರೆ ಒಳಹರಿವಿನ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಎರಡು ಹಂತದ ಯಂತ್ರಗಳಲ್ಲಿ ಹಂತಗಳ ನಡುವಿನ ಮಾಪಕ ಉತ್ತಮ ಸೂಚಕ. ಅಲ್ಲಿ ಒತ್ತಡ ಎಂದಿಗಿಂತ ಹೆಚ್ಚಾದರೆ ಅಥವಾ ಅಲ್ಲಿರುವ ಸೇಫ್ಟಿ ವಾಲ್ವ್ ತೆರೆದುಕೊಂಡರೆ ಚಿಕ್ಕ ಸಿಲಿಂಡರಿನ ವಾಲ್ವ್ ದೋಷಪೂರಿತವಾಗಿದೆ. ಎಂದಿಗಿಂತ ಕಡಿಮೆಯಾದರೆ ದೊಡ್ಡ ಸಿಲಿಂಡರಿನ ಕಡೆ ದೋಷವಿದೆ.

ಪಿಸ್ಟನ್ ರಿಂಗ್: ಎಣ್ಣೆ ಬೇಗ ಖಾಲಿಯಾಗುವುದು, ಎಣ್ಣೆ ಪೆಟ್ಟಿಗೆಯ ಉಸಿರುಗಂಡಿಯಿಂದ ಜೋರಾಗಿ ಗಾಳಿ ಬರುವುದು ಹಾಗೂ ಟ್ಯಾಂಕಿನ ನೀರಿನಲ್ಲಿ ಎಣ್ಣೆ ಕಾಣುವುದು ರಿಂಗ್ ಸವೆದಿರುವ ಲಕ್ಷಣಗಳು. ಈ ಮೂರೂ ಒಟ್ಟಿಗೆ ಕಂಡುಬಂದು, ಮೇಲಿನ ಕಾರಣಗಳೆಲ್ಲ ಇಲ್ಲವೆಂದು ದೃಢಪಟ್ಟ ಮೇಲೆಯೇ ಯಂತ್ರವನ್ನು ಬಿಚ್ಚಿಸಿರಿ.

ಪೈಪಿನ ದೋಷವೋ, ನೀರಿನ ಕೊರತೆಯೋ?

ಯಂತ್ರ ಸರಿಯಿದ್ದೂ ಬಾವಿಗೆ ಜೋಡಿಸಿದಾಗ ಒತ್ತಡ ಏರದಿದ್ದರೆ, ಒತ್ತಡ ಯಾವ ರೀತಿಯಲ್ಲಿ ಇಳಿಯಿತು ಎಂಬುದನ್ನು ನೆನಪಿಸಿಕೊಳ್ಳಿರಿ. ಹಠಾತ್ತನೆ ಇಳಿದರೆ ಪೈಪನ್ನು ಸಂಶಯಿಸಬೇಕು. ವಾರ, ತಿಂಗಳುಗಳ ಕಾಲ ನಿಧಾನವಾಗಿ ಇಳಿದಿದ್ದರೆ ನೀರನ್ನು ಸಂಶಯಿಸಬೇಕು.

ನಿನ್ನೆ 6 ಕೆ.ಜಿ. ಇದ್ದ ಆರಂಭಿಕ ಒತ್ತಡ ಇಂದು ಸೊನ್ನೆಯ ಸಮೀಪದಲ್ಲಿದ್ದು, ಬಾವಿಯ ಬಾಯಿಯಲ್ಲಿ ಗಾಳಿಯ ಸದ್ದು ಕೇಳುತ್ತಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ ಗಾಳಿ ಪೈಪು ಕಳಚಿದೆ ಅಥವಾ ಸೀಳಿದೆ. ಒತ್ತಡ 6ರಿಂದ ಒಮ್ಮೆಲೇ 3ಕ್ಕೆ ಇಳಿದು ಪ್ರತಿದಿನ ಅಲ್ಲಿಯೇ ನಿಲ್ಲುತ್ತಿದ್ದರೆ ನೀರಿನೊಳಗೆ, ಮಟ್ಟದಿಂದ ಸುಮಾರು 100 ಅಡಿ ಕೆಳಗೆ ಪೈಪು ತೂತಾಗಿರುವ ಸಂಭವ ಹೆಚ್ಚು. ಗಾಳಿ ಆ ತೂತಿನಿಂದಲೇ ಹೊರಬೀಳುವುದರಿಂದ ಅಷ್ಟು ಆಳದ ಒತ್ತಡವನ್ನೇ ಮಾಪಕ ತೋರಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಪೈಪನ್ನು ಮೇಲೆತ್ತಿ ಜೋಡಣೆಗಳನ್ನು ಪರಿಶೀಲಿಸಬೇಕು. ನೆಲದ ಮೇಲೆ ಗಾಳಿ ಸಾಗಿಸಲು ಪಿ.ವಿ.ಸಿ. ಪೈಪ್ ಬಳಸಬಾರದು, ಬಿಸಿ ಗಾಳಿಯ ಒತ್ತಡಕ್ಕೆ ಅದು ಸಿಡಿದು ಚೂರಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ಒತ್ತಡ ಎಂದಿಗಿಂತ ಹೆಚ್ಚಾಗಿ ನೀರು ಬರದಿದ್ದರೆ ಪೈಪಿನ ತುದಿಯಲ್ಲಿ ಹೂಳು ಕಟ್ಟಿರಬಹುದು. ಮಳೆಯ ನಂತರ ನೀರಿನ ಮಟ್ಟ ಏರಿದಾಗಲೂ ಆರಂಭಿಕ ಒತ್ತಡ ಹೆಚ್ಚುತ್ತದೆ. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿತ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿದ ಬಳಿಕ ಜಿಲ್ಲೆಯ ಅನೇಕ ಕೆರೆಗಳು ತುಂಬಿವೆ. ತುಂಬಿದ ಕೆರೆಯ ಸಮೀಪದ ಬಾವಿಗಳಲ್ಲಿ ಈ ಬದಲಾವಣೆಯನ್ನು ನಿರೀಕ್ಷಿಸಬಹುದು. ಆರಂಭಿಕ ಒತ್ತಡ ಯಂತ್ರದ ಮಿತಿಯನ್ನು ಮುಟ್ಟಿದರೆ ಗಾಳಿ ಪೈಪನ್ನು ಕೆಲವು ಅಡಿ ಮೇಲೆತ್ತಬೇಕೇ ಹೊರತು ಯಂತ್ರದ ಮಿತಿಯನ್ನು ಹೆಚ್ಚಿಸಬಾರದು.

ನೀರಿನ ಕೊರತೆಯನ್ನು ಗುರುತಿಸುವ ಬಗೆ

ಮೇಲಿನ 300 ಅಡಿ ಉದಾಹರಣೆಯನ್ನೇ ಮುಂದುವರಿಸೋಣ. ಆರಂಭಿಕ ಒತ್ತಡ ಕ್ರಮೇಣ 6ರಿಂದ 4 ಕೆ.ಜಿ.ಗೂ, ಚಾಲನಾ ಒತ್ತಡ 4.5ರಿಂದ 2.5 ಕೆ.ಜಿ.ಗೂ ಇಳಿದಿದ್ದರೆ ವಿಶ್ರಾಂತಿಯಲ್ಲಿರುವ ನೀರಿನ ಮಟ್ಟ 102 ಅಡಿಯಿಂದ ಸುಮಾರು 168 ಅಡಿಗೆ ಕುಸಿದಿದೆ. ನೀರೆತ್ತುವಾಗ ಪೈಪಿನ ಸುಮಾರು 82 ಅಡಿ ಮಾತ್ರ ಮುಳುಗಿರುತ್ತದೆ. ಇದು ಒಟ್ಟು ಉದ್ದದ ಶೇಕಡ 27. ಸಾಮಾನ್ಯವಾಗಿ ಶೇಕಡ 40ರಿಂದ 60ರಷ್ಟು ಭಾಗ ಮುಳುಗಿದ್ದಾಗ ಕಂಪ್ರೆಸರ್ ತೃಪ್ತಿಕರವಾಗಿ ನೀರೆತ್ತುತ್ತದೆ. ಅದಕ್ಕಿಂತ ಕಡಿಮೆಯಾದಾಗ ನೀರು ಉಗುಳಿದಂತೆ ಬಿಟ್ಟುಬಿಟ್ಟು ಬರುತ್ತದೆ. ಉಳಿದದ್ದೆಲ್ಲ ಬರಿಯ ಗಾಳಿ. ಈ ಸ್ಥಿತಿಯಲ್ಲಿ ಹೊಸ ರಿಂಗ್ ಹಾಕಿಸಿದರೂ ದೊಡ್ಡ ಮೋಟಾರ್ ತಂದರೂ ಪ್ರಯೋಜನವಾಗದು.

ಇನ್ನೊಂದು ಲಕ್ಷಣವನ್ನೂ ಗಮನಿಸಿರಿ. ಬೆಳಗಿನ ಆರಂಭಿಕ ಒತ್ತಡ ಹಿಂದಿನಂತೆಯೇ ಇದ್ದು, ಚಾಲನಾ ಒತ್ತಡ ಮಾತ್ರ ಅರ್ಧ ಗಂಟೆಯಲ್ಲೇ ಕುಸಿಯುತ್ತಿದ್ದರೆ ಬಿರುಕುಗಳಿಂದ ಬಾವಿಗೆ ಒಸರುವ ನೀರು ನಾವು ಎತ್ತುವುದಕ್ಕಿಂತ ಕಡಿಮೆಯಾಗಿದೆ. ಅಂತಹ ಬಾವಿಗೆ ವಿಶ್ರಾಂತಿ ಅಗತ್ಯ.

ಈ ಸಂದರ್ಭದಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

• ಸತತವಾಗಿ ಓಡಿಸುವ ಬದಲು ವಿರಾಮ ನೀಡಿ ಓಡಿಸಿರಿ. ನೀರು ಉಗುಳಲು ಆರಂಭಿಸಿದಾಗ ನಿಲ್ಲಿಸಿ, ಆರಂಭಿಕ ಒತ್ತಡ ಮರುಕಳಿಸಲು ಎಷ್ಟು ಸಮಯ ಬೇಕೆಂದು ಗುರುತಿಸಿಕೊಳ್ಳಿರಿ.

• ಎತ್ತಿದ ನೀರನ್ನು ತೊಟ್ಟಿ ಅಥವಾ ಹೊದಿಕೆ ಹಾಕಿದ ಕೃಷಿ ಹೊಂಡದಲ್ಲಿ ಸಂಗ್ರಹಿಸಿ, ಅಲ್ಲಿಂದ ಸಣ್ಣ ಪಂಪಿನ ಮೂಲಕ ಹನಿ ನೀರಾವರಿಗೆ ಹರಿಸಿರಿ. ಬಿಟ್ಟುಬಿಟ್ಟು ಬರುವ ನೀರನ್ನು ನೇರವಾಗಿ ಹನಿ ಕೊಳವೆಗೆ ಜೋಡಿಸಿದರೆ ಎಲ್ಲ ಗಿಡಗಳಿಗೂ ಸಮನಾಗಿ ನೀರು ತಲುಪುವುದಿಲ್ಲ.

• ಗಾಳಿ ಮತ್ತು ನೀರಿನ ಪೈಪುಗಳನ್ನು ಇನ್ನೂ ಆಳಕ್ಕಿಳಿಸಿದರೆ ಮುಳುಗುವ ಭಾಗ ಹೆಚ್ಚುತ್ತದೆ. ಆದರೆ ಆರಂಭಿಕ ಒತ್ತಡವೂ ಏರುತ್ತದೆ. 7 ಕೆ.ಜಿ. ಮಿತಿಯ ಯಂತ್ರ ಸುಮಾರು 230 ಅಡಿಗಿಂತ ಹೆಚ್ಚು ನೀರಿನಡಿಯಲ್ಲಿ ಗಾಳಿ ಬಿಡಲಾರದು. ಬಾವಿಯ ತಳ ಮತ್ತು ನೀರು ಒಸರುವ ಪದರದ ಆಳ ತಿಳಿಯದೆ ಪೈಪ್ ಖರೀದಿಸಬೇಡಿರಿ.

• ಕೊಳವೆ ಬಾವಿಯ ಸುತ್ತ ಕಲ್ಲು, ಜಲ್ಲಿ, ಮರಳಿನ ಪದರಗಳುಳ್ಳ ಮರುಪೂರಣ ಗುಂಡಿಯನ್ನು ಮಳೆಗಾಲಕ್ಕೆ ಮುನ್ನ ನಿರ್ಮಿಸಿರಿ. ಕೆಸರು ನೀರು ನೇರವಾಗಿ ಬಾವಿಗಿಳಿಯದಂತೆ ಎಚ್ಚರ ವಹಿಸಿರಿ.

• ಬೇಸಿಗೆ ಟೊಮೆಟೊ ನಾಟಿಗೆ ಮೊದಲೇ ಒತ್ತಡದ ದಾಖಲೆ ನೋಡಿ ವಿಸ್ತೀರ್ಣವನ್ನು ನಿರ್ಧರಿಸಿರಿ. ಹೂ ಬಿಡುವ ಹಂತದಲ್ಲಿ ನೀರು ನಿಂತರೆ ಸಸಿ, ಗೊಬ್ಬರ, ಕಡ್ಡಿ ಮತ್ತು ಕೂಲಿಯ ಖರ್ಚೆಲ್ಲ ವ್ಯರ್ಥವಾಗುತ್ತದೆ. ಒಂದು ಎಕರೆ ಒಣಗಿಸುವುದಕ್ಕಿಂತ ಅರ್ಧ ಎಕರೆ ಉಳಿಸಿಕೊಳ್ಳುವುದು ಮೇಲು.

ಕಂಪ್ರೆಸರ್‌ನಿಂದ ಬರುವ ನೀರಿನಲ್ಲಿ ಯಂತ್ರದ ಎಣ್ಣೆಯ ಅಂಶ ಸೇರಿರಬಹುದಾದ್ದರಿಂದ ಅದನ್ನು ಕುಡಿಯಲು ಬಳಸದಿರುವುದು ಕ್ಷೇಮ.

ದುರಸ್ತಿ ಶೆಡ್‌ನಲ್ಲಿ ಬಳಸುವವರಿಗೆ

ಟ್ರ್ಯಾಕ್ಟರ್ ಟೈರುಗಳಿಗೆ ಗಾಳಿ ತುಂಬಲು ಅಥವಾ ರೇಡಿಯೇಟರ್ ಸ್ವಚ್ಛಗೊಳಿಸಲು ಬಳಸುವ ಕಂಪ್ರೆಸರ್‌ಗಳಿಗೂ ಮೇಲಿನ ಮೂರು ಪರೀಕ್ಷೆಗಳು ಅನ್ವಯಿಸುತ್ತವೆ. ಟ್ಯಾಂಕಿನಲ್ಲಿ ಒತ್ತಡ ಸರಿಯಿದ್ದು ಹೋಸ್‌ನ ತುದಿಯಲ್ಲಿ ಮಾತ್ರ ಕಡಿಮೆಯಿದ್ದರೆ ರೆಗ್ಯುಲೇಟರ್, ಮಡಿಚಿದ ಅಥವಾ ತೀರಾ ಉದ್ದವಾದ ಹೋಸ್ ಮತ್ತು ಸವೆದ ಕಪ್ಲರ್‌ಗಳನ್ನು ಪರಿಶೀಲಿಸಿರಿ. ಟೈರಿನ ಒತ್ತಡವನ್ನು ಅಂದಾಜಿನ ಮೇಲೆ ತುಂಬದೆ ತಯಾರಕರ ಸೂಚನೆಯಂತೆ ಮಾಪಕದಿಂದ ಅಳೆಯಿರಿ. ಬಟ್ಟೆ ಅಥವಾ ಮೈಮೇಲಿನ ಧೂಳು ತೆಗೆಯಲು ಒತ್ತಡದ ಗಾಳಿಯನ್ನು ಎಂದಿಗೂ ಬಳಸಬಾರದು.

ದಾಖಲೆ ಇಡುವ ಕ್ರಮ

ಸ್ಟಾರ್ಟರ್ ಪೆಟ್ಟಿಗೆಯ ಬಳಿ ಒಂದು ಪುಸ್ತಕವನ್ನು ಇರಿಸಿರಿ. ಗಾಳಿ ಪೈಪಿನ ತುದಿಯ ಆಳವನ್ನು ಮೊದಲ ಪುಟದಲ್ಲಿ ಬರೆಯಿರಿ. ವಾರಕ್ಕೊಮ್ಮೆ ಆರಂಭಿಕ ಒತ್ತಡ, ಒಂದು ಗಂಟೆಯ ನಂತರದ ಚಾಲನಾ ಒತ್ತಡ ಮತ್ತು ಬಿದ್ದ ಮಳೆಯನ್ನು ನಮೂದಿಸಿರಿ. ತಿಂಗಳಿಗೊಮ್ಮೆ ಟ್ಯಾಂಕ್ ತುಂಬುವ ಸಮಯವನ್ನು ಬರೆಯಿರಿ. ಟ್ಯಾಂಕ್ ತುಂಬುವ ಸಮಯ ಹೆಚ್ಚುತ್ತಿದ್ದರೆ ಯಂತ್ರಕ್ಕೆ ಆರೈಕೆ ಬೇಕು. ಆರಂಭಿಕ ಒತ್ತಡ ಇಳಿಯುತ್ತಿದ್ದರೆ ಬಾವಿಗೆ ಆರೈಕೆ ಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಭೇಟಿಯ ಸಮಯದಲ್ಲಿ ಇಂತಹ ಪುಸ್ತಕಗಳನ್ನು ಪರಿಶೀಲಿಸುವುದು ಸೂಕ್ತ. ಒಂದೇ ಊರಿನ ನಾಲ್ಕೈದು ಬಾವಿಗಳಲ್ಲಿ ಆರಂಭಿಕ ಒತ್ತಡ ಒಟ್ಟಿಗೆ ಇಳಿಯುತ್ತಿದ್ದರೆ ಅದು ಯಾರೊಬ್ಬರ ಯಂತ್ರದ ದೋಷವಲ್ಲ. ಊರಿನ ಅಂತರ್ಜಲವೇ ಇಳಿಯುತ್ತಿದೆ. ಬೆಳೆ ಆಯ್ಕೆ, ನೀರಿನ ಹಂಚಿಕೆ ಮತ್ತು ಮರುಪೂರಣದ ಬಗ್ಗೆ ರೈತರೊಡನೆ ಚರ್ಚಿಸಲು ಅದೇ ಸಕಾಲ. ಸಾಲ ಮಾಡಿ ಇನ್ನೊಂದು ಕೊಳವೆ ಬಾವಿ ಕೊರೆಯಿಸಲು ಯೋಚಿಸುತ್ತಿರುವ ರೈತರಿಗೆ ಮೊದಲು ಈ ದಾಖಲೆಯನ್ನು ತೋರಿಸಿರಿ.

ಹೆಚ್ಚಿನ ಸಲಹೆಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ. ಹೋಗುವಾಗ ಒತ್ತಡದ ಪುಸ್ತಕವನ್ನು ತಪ್ಪದೆ ಜೊತೆಗೆ ಒಯ್ಯಿರಿ.